ಪಾತ್ರೆ ತೊಳೆಯುವ ಹೊತ್ತು

"ಈಗ ಫ್ಯಾನ್ ಹಾಕಿ," ಎಂದ ಮೆಕ್ಯಾನಿಕ್. ಸಿಂಕಿನ ನಲ್ಲಿಯಲ್ಲಿ ಬಿಸಿನೀರು ಸುರಿಯುತ್ತಿತ್ತು. ಉರಿಯುತ್ತಿದ್ದ ಗ್ಯಾಸ್ ಗೀಸರಿನ ಹೊಗೆಕೊಳವೆಯ ಬುಡಕ್ಕೆ ಅವನು ಪುಟ್ಟ ಕನ್ನಡಿಯೊಂದನ್ನು ಹಿಡಿದಿದ್ದ. ಕನ್ನಡಿ ತಿಳಿಯಾಗಿತ್ತು.

ಮಾವ ಗತ್ತಿನಿಂದ ಸ್ವಿಚ್ ಒತ್ತಿದರು. ಅಡುಗೆಮನೆಯ ಆ ಎಕ್ಸಾಸ್ಟ್ ಫ್ಯಾನನ್ನು ಎರಡು ತಿಂಗಳ ಹಿಂದೆ ಕುರ್ಚಿ ಹತ್ತಿ ತಾವೇ ಕೂರಿಸಿದ್ದರು. ಚಳಿಗಾಳಿ ನುಗ್ಗದಂತೆ ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿದ್ದರು. "ನಮ್ಮ ಸೊಸೆಗೆ ತಲೆನೋವು ಗಡಿಯಾರ ನೋಡ್ಕೊಂಡು ಬರುತ್ತೆ, ಸರಿಯಾಗಿ ಪಾತ್ರೆ ತೊಳೆಯೋ ಹೊತ್ತಿಗೆ" ಎಂದು ಬಂದ ನೆಂಟರನ್ನೆಲ್ಲ ನಗಿಸತೊಡಗಿದ್ದೂ ಆಗಿನಿಂದಲೇ.

ಫ್ಯಾನ್ ತಿರುಗಿತು. ಕನ್ನಡಿ ಅಂಚಿನಿಂದ ಮಬ್ಬಾಗುತ್ತಾ ಬಂದು ಪೂರ್ತಿ ಬೆಳ್ಳಗಾಯಿತು. ಮೆಕ್ಯಾನಿಕ್ ತಟ್ಟನೆ ಗೀಸರ್ ಆರಿಸಿ, ಟೇಪು ಕಿತ್ತು, ಕಿಟಕಿ ತೆರೆದ. "ಹೊಗೆ ಹೊರಗೆ ಹೋಗ್ತಿಲ್ಲ ಯಜಮಾನ್ರೇ. ಗಾಳಿ ಒಳಗೆ ಬರೋಕೆ ಬೇರೆ ದಾರಿ ಇಲ್ಲ ಅಂತ ನಿಮ್ಮ ಫ್ಯಾನು ಕೊಳವೆಯಿಂದ್ಲೇ ವಾಪಸ್ ಎಳೀತಿದೆ. ವಾಸನೆನೂ ಇಲ್ಲದ ವಿಷ ಅದು. ಮನೇಲಿ ಯಾರಿಗಾದ್ರೂ ತಲೆನೋವು ಬರುತ್ತಾ?"

ಸೊಸೆ ಮಾವನ ಮುಖ ನೋಡಿ, "ಅಂಥದ್ದೇನಿಲ್ಲ" ಎಂದಳು.

"ಬರುತ್ತೆ," ಎಂದರು ಮಾವ. ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು. "ಇವಳಿಗೆ. ಸರಿಯಾಗಿ ಪಾತ್ರೆ ತೊಳೆಯೋ ಹೊತ್ತಿಗೆ."