ಗುರುಗುಟ್ಟುವ ಡಿಸ್ಕ್

ಮಿಮಿಕ್ರಿ ಸ್ಪರ್ಧೆಗೆ ಈ ಸಲ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ಅದಕ್ಕೆ ಕಂಪ್ಯೂಟರಿಗೊಂದು ಹಾರ್ಡ್ ಡಿಸ್ಕ್ ಆರಿಸಿಕೊಡಲೆಂದು ತಿಪ್ಪೇಶ ಗೆಳೆಯ ಮಧುಕರನನ್ನೇ ಅಂಗಡಿಗೆ ಕರೆದೊಯ್ದ. ಪ್ರತಿ ವರ್ಷವೂ ತಿಪ್ಪೇಶನ ಹಿಂದೆ ಎರಡನೆಯವನಾಗಿ ಮಧುಕರನ ಹೊಟ್ಟೆ ಉರಿದುಹೋಗಿತ್ತು.

"ಇದು ಸದ್ದೇ ಮಾಡಲ್ಲ ಸಾರ್," ಎಂದು ಅಂಗಡಿಯವನು ಒಂದನ್ನು ತೋರಿಸಿದ.

"ಸದ್ದು ಮಾಡದೋರನ್ನ ನಂಬಬಾರ್ದು ಕಣೋ, ಈ ಹಳೇ ಥರದ್ದೇ ಗಟ್ಟಿ," ಎಂದು ಮಧುಕರ ಗುರುಗುಟ್ಟುವ ಡಿಸ್ಕನ್ನೇ ಅವನಿಗೆ ಕೊಡಿಸಿದ. ಸದ್ದಿಲ್ಲದ್ದನ್ನು ಸಂಜೆ ಬಂದು ತಾನು ಕೊಂಡ.

ಫಲಿತಾಂಶದ ದಿನ ತಿಪ್ಪೇಶ ಓಡಿಬಂದು ಮಧುಕರನನ್ನು ತಬ್ಬಿಕೊಂಡ.

"ಮತ್ತೆ ನೀನೇನಾ ಫಸ್ಟು? ರೆಕಾರ್ಡಿಂಗ್ ಹಿಂದೆ ಆ ಡಿಸ್ಕಿನ ಗುರ್ ಸದ್ದು ಜಡ್ಜ್‌ಗಳಿಗೆ ಕೇಳಿಸ್ಲೇ ಇಲ್ವಾ?" ಎಂದ ಮಧುಕರ.

"ಕೇಳಿಸ್ತಂತೆ ಮಾರಾಯ! ಅಜ್ಜಿ ಮಾತಾಡೋದು, ಮಡಿಲಲ್ಲಿ ಬೆಕ್ಕು ಗುರುಗುಟ್ಟೋದು, ಎರಡನ್ನೂ ಒಂದೇ ಬಾಯಲ್ಲಿ ಹೇಗಯ್ಯಾ ಮಾಡಿದೆ ಅಂತ ಜಡ್ಜೇ ಕೈ ಮುಗಿದ್ರು!"