ತಿಪ್ಪೆಗೆ ಬಿದ್ದ ಸವಾರ

"ಹೋ! ಹೋ!" ಎನ್ನುತ್ತ ಅಣವೀರಪ್ಪ ಸೈಕಲ್ಲಿನ ಹ್ಯಾಂಡಲನ್ನು ಲಗಾಮಿನಂತೆ ಎದೆಗೆ ಎಳೆದುಕೊಂಡ. ಇಪ್ಪತ್ತು ವರ್ಷ ಕುದುರೆ ಓಡಿಸಿದ ಕೈಗೆ ಬ್ರೇಕು ನೆನಪಾಗಲಿಲ್ಲ. ಕಮಲಾಪುರಕ್ಕೆ ಬಂದ ಮೊದಲ ಸೈಕಲ್ಲು ಇಳಿಜಾರಿನಲ್ಲಿ ಓಡಿ, ಅವನನ್ನು ತಿಪ್ಪೆಯೊಳಗೆ ಬೋರಲು ಕೆಡವಿತು.

ಮೂಗು, ಬಾಯಿ, ಮೀಸೆಯೆಲ್ಲ ಹಸಿ ಸಗಣಿ. ಕುದುರೆಯಿಂದ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಆರು ತಿಂಗಳಿಂದ ಬರೀ ಹೇಸಿಗೆಯೇ. ಲಿಂಗ ಕಟ್ಟಿದ ಮೈಗೆ, ಬೆನ್ನುನೋವಿಗೆಂದು ತಿಕ್ಕುವ ಉಡದ ಎಣ್ಣೆಯ ನಾತ. ಏಳಬೇಕೆಂದರೆ ಬಗಲಲ್ಲಿ ಯಾರದೋ ಬೆವರುಗೈ ಬೇಕೇ ಬೇಕು. "ಕುದುರಿ ಬಿಡ್ರಿ, ಸೈಕಲ್ ಕಲೀರಿ" ಎಂದು ಕಲಬುರಗಿ ಕೋಟೆಯ ಹಕೀಮರು ಹೇಳಿದ್ದರು. ಇವತ್ತೂ ಅವನ ತಮ್ಮ ಸಾಯಬಣ್ಣನೇ ಅವನನ್ನು ಎತ್ತಿ ಸೀಟಿನ ಮೇಲೆ ಕೂರಿಸಿದ್ದ.

"ಎಬ್ಬಿಸೋ ನನ್ನ!"

ಓಡಿ ಬಂದ ಸಾಯಬಣ್ಣ ಮೂಗು ಮುಚ್ಚಿ ನಿಂತುಬಿಟ್ಟ. "ಥೂ, ಏನ್ ನಾತ ಹೊಡ್ಯಾಕತ್ತದ ಅಣ್ಣ! ತಡಿ, ನೀರು ತರ್ತೀನಿ." ಅಣವೀರಪ್ಪನ ಹೆಂಡತಿ ಶಂಕ್ರಮ್ಮನೂ ಮೂಗಿಗೆ ಸೆರಗು ಹಿಡಿದು ದೂರವೇ ನಿಂತಿದ್ದಳು.

"ಹೇಸಿಗಿ ಆಗ್ತದೇನು ನಿಮಗ?" ಅಣವೀರಪ್ಪ ಕ್ಯಾಕರಿಸಿ ಉಗುಳಿದ. ಎರಡೂ ಕೈಯನ್ನು ಸಗಣಿಗೆ ಊರಿ ಎದ್ದ. ಬೈಯುತ್ತಲೇ ಸೈಕಲ್ಲನ್ನೂ ಎತ್ತಿ ನಿಲ್ಲಿಸಿದ. "ಏನ್ ನೋಡಾಕತ್ತೀ?"

ಶಂಕ್ರಮ್ಮನ ಸೆರಗು ಮೂಗಿನಿಂದ ಜಾರಿತ್ತು.

"ಯಾರು ಎಬ್ಬಿಸಿದ್ರು ರೀ ನಿಮ್ಮನ್ನ?"