ಹಾಸಿಗೆಗೆ ಚುಚ್ಚಿಟ್ಟ ಸೂಜಿ

ಬೆಳಗಿನಿಂದ ನಿಂತೇ ಇದ್ದ ಕಸ್ತೂರಿ ಸಿಸ್ಟರ್‌ಗೆ ಕಾಲುಗಳು ತನ್ನವೇ ಅಲ್ಲ ಅನ್ನಿಸತೊಡಗಿತ್ತು...

ಜೊತೆಯ ನರ್ಸ್‌ಗಳು ರಜೆ. ಜಿಲ್ಲಾಸ್ಪತ್ರೆಯ ಹೆಂಗಸರ ವಾರ್ಡು ಮಾತ್ರ ತುಂಬಿ ತುಳುಕುತ್ತಿತ್ತು. ತಂದ ಬುತ್ತಿ ಬ್ಯಾಗಿನಲ್ಲೇ ಹಳಸುತ್ತಿತ್ತು, ಪಾಪ!

ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿಗೆ ಇಂಜೆಕ್ಷನ್ ಕೊಡುವಾಗ ಅಜ್ಜಿ ಕೈ ಕೊಸರಿದಳು. ರಕ್ತ ಬಂತು. ಹತ್ತಿ ಒತ್ತಿ ಹಿಡಿಯಲು ಎರಡೂ ಕೈ ಬೇಕು...

ಬಳಸಿದ ಸೂಜಿ ಹಾಕುವ ಬಿಳಿ ಡಬ್ಬಿ ಇದ್ದದ್ದು ವಾರ್ಡಿನ ಆ ತುದಿಯಲ್ಲಿ, ಟ್ರಾಲಿಯ ಮೇಲೆ. ಅದನ್ನು ಪ್ರತಿ ಹಾಸಿಗೆಗೂ ತಳ್ಳಿಕೊಂಡು ಬರುವ ತ್ರಾಣ ಯಾರಿಗಿದೆ?

ಕಸ್ತೂರಿ ಸೂಜಿಯನ್ನು ಹಾಸಿಗೆಯ ಅಂಚಿಗೆ ಚುಚ್ಚಿ ನಿಲ್ಲಿಸಿದಳು. ಒಂದು ನಿಮಿಷ ಅಷ್ಟೇ, ಆಮೇಲೆ ತೆಗೆದರಾಯ್ತು... ಆ ವಾರ್ಡಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ಅದು.

ಅಷ್ಟರಲ್ಲಿ ಎದುರು ಹಾಸಿಗೆಯವಳು ವಾಂತಿ ಮಾಡಿಕೊಂಡಳು. ಕಸ್ತೂರಿ ಅತ್ತ ಓಡಿದಳು. ಸೂಜಿ ಅಲ್ಲೇ ಉಳಿಯಿತು.

ಅಜ್ಜಿಯನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ದ ಮೇಲೆ ಆಯಾ ದುರಗವ್ವ ಬೆಡ್‌ಶೀಟ್ ಬದಲಿಸಲು ಬಂದಳು. "ಅಯ್ಯವ್ವಾ!" ಎಂಬ ಸಣ್ಣ ದನಿ. ಕಸ್ತೂರಿ ತಿರುಗಿ ನೋಡಿದರೆ ದುರಗವ್ವನ ಬೆರಳು ಬಾಯಲ್ಲಿತ್ತು.

"ಏನಾತು ದುರಗವ್ವ?"

"ಏನಿಲ್ರಿ ಸಿಸ್ಟರ್... ಮಂಚದ ತಗಡು ಸವರಿತು ನೋಡ್ರಿ."

ಹಾಸಿಗೆಯ ಅಂಚಿನಲ್ಲಿ ಸೂಜಿ ಇರಲಿಲ್ಲ. ದುರಗವ್ವ ಇನ್ನೊಂದು ಕೈಯನ್ನು ಸೆರಗಿನ ಮರೆಗೆ ಎಳೆದುಕೊಂಡಳು. ತಾಗಿದ್ದು ತಗಡಲ್ಲ, ತಾನು ಬಿಟ್ಟ ಸೂಜಿ ಎಂದು ಕಸ್ತೂರಿಗೆ ಹೊಳೆಯಿತು.

ಹೇಳಿದರೆ ಮೆಮೊ, ವಿಚಾರಣೆ, ಎಲ್ಲರೆದುರು ಮಂಗಳಾರತಿ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಹೌದು... ಒಂದು ಕ್ಷಣ ಅವಳಿಗೂ ಸುಮ್ಮನಿದ್ದುಬಿಡೋಣ ಅನ್ನಿಸಿತು. ಅಷ್ಟು ದಣಿದಿದ್ದಳು. ಆದರೂ ಬಾಯಿ ಬಿಟ್ಟು ಕೇಳಿದಳು.

"ಸೂಜಿ ಯಾಕ ಮುಚ್ಚಿಟ್ಟಿ? ಕೆಲಸ ಹೋಗ್ತೈತಂತ ಹೆದರಿದೇನು?"

ದುರಗವ್ವ ತಲೆ ತಗ್ಗಿಸಿದಳು. "ನನ್ನ ಕೆಲಸಕ್ಕಲ್ರಿ... ಇದು ಗೊತ್ತಾದ್ರ ನಿಮ್ಮ ಮ್ಯಾಲೆ ಬರ್ತೈತಿ. ಮುಂಜಾನಿಂದ ಕೂಳಿಲ್ಲ ನೀರಿಲ್ಲ, ಒಬ್ರೇ ಓಡ್ಯಾಡಾಕತ್ತೀರಿ. ಇದರಾಗ ಬೈಗುಳಾ ಬ್ಯಾರೆ ಯಾಕ್ರಿ? ನಂದೇನು, ಸಣ್ಣ ಗಾಯ..."

ಕಸ್ತೂರಿಯ ಕಣ್ಣು ತುಂಬಿ ಬಂತು. ತಾನು ಸುಮ್ಮನಿರಲು ಯೋಚಿಸಿದ್ದು ತನಗಾಗಿ... ಇವಳು ಸುಮ್ಮನಿದ್ದದ್ದೂ ಕಸ್ತೂರಿಗಾಗಿಯೇ!

ಅವಳ ಕೈಯಿಂದ ಸೂಜಿ ಇಸಿದುಕೊಂಡು ಬಿಳಿ ಡಬ್ಬಿಗೆ ಹಾಕಿದಳು. ದುರಗವ್ವನನ್ನು ನಲ್ಲಿಯ ಬಳಿಗೆ ಎಳೆದೊಯ್ದು, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಕೈ ತೊಳೆಸಿದಳು. ಅಲ್ಲಿಂದ ನೇರ ಡಾಕ್ಟರ ಕೋಣೆಗೆ.

"ಸೂಜಿ ನಾ ಬಿಟ್ಟಿದ್ದು ಸರ್, ತಪ್ಪೂ ನಂದೇ. ಬೈಯೋದು ಆಮೇಲೆ ಬೈರಿ... ಮೊದಲು ಈಕಿನ್ನ ನೋಡ್ರಿ."

ಸಂಜೆಗೆ, ಡಾಕ್ಟರು ಮಾಡಿಸಿದ ಅಜ್ಜಿಯ ರಕ್ತದ ಟೆಸ್ಟಿನ ರಿಪೋರ್ಟ್ ಬಂತು. ಹೆಪಟೈಟಿಸ್ ಬಿ... ಸೂಜಿಯಿಂದಲೂ ಹರಡುವ, ಲಿವರ್ ತಿನ್ನುವ ಕಾಯಿಲೆ. ದುರಗವ್ವನಿಗೆ ಆ ದಿನವೇ ಕಾಯಿಲೆ ತಡೆಯುವ ಇಂಜೆಕ್ಷನ್‌ಗಳು ಬಿದ್ದವು.

ಕಸ್ತೂರಿಗೆ ಮೆಮೊ ಬಂತು. ಬೈಗುಳವೂ ಬಂತು. ಅದಕ್ಕಿಂತ ಹೆಚ್ಚಾಗಿ, ದುರಗವ್ವನ ಮುಂದಿನ ಟೆಸ್ಟುಗಳಿಗಾಗಿ ಕಾದ ಆ ತಿಂಗಳುಗಳು ಅವಳನ್ನು ಹಣ್ಣುಗಾಯಿ ಮಾಡಿದವು.

ಕೊನೆಯ ಟೆಸ್ಟಿನಲ್ಲೂ ಏನೂ ಇಲ್ಲ ಎಂದಾಗ ದುರಗವ್ವ ಆಸ್ಪತ್ರೆಯ ಕಾರಿಡಾರಿನಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು. "ಆವತ್ತ ನನ್ನ ಮಾತು ಕೇಳಿ ನೀವು ಸುಮ್ಮನಿದ್ದಿದ್ರ...?"

ಕಸ್ತೂರಿ ಅವಳ ಪಕ್ಕ ನೆಲದ ಮೇಲೇ ಕೂತಳು. "ಇನ್ನೊಮ್ಮೆ ನನ್ನ ಸಲುವಾಗಿ ಗಾಯ ಮುಚ್ಚಿಡಬ್ಯಾಡ ನಮ್ಮವ್ವ. ಬೇಕಾದ್ರ ನನಗ ನಾಲ್ಕು ಬೈ..."

ನಮ್ಮ ದಣಿವು ನಿಜ... ಆದರೆ ಅದರ ಗಾಯ ಇನ್ನೊಬ್ಬರ ಕೈಗೆ ಆಗಬಾರದು.

ಇವತ್ತು ನೀವು ಸುಸ್ತಾಗಿ ಅರ್ಧಕ್ಕೆ ಬಿಟ್ಟು ಬಂದ ಕೆಲಸ ಯಾರ ಕೈಗೆ ಸಿಗಲಿದೆ... ಒಮ್ಮೆಯಾದರೂ ಯೋಚಿಸಿದ್ದೀರಾ?